ತಲೆ ಹೂಂ, ಬಾಯಿ ಊಹೂಂ

ನನ್ನ ಸೋದರಮಾವ ಯಾರಿಗಾದರೂ ‘ಇಲ್ಲ’ ಎಂದು ಹೇಳಿ ಗೆದ್ದದ್ದನ್ನು ನಾನು ಕಂಡಿರಲಿಲ್ಲ. ಹಾಗೆಂದು ಅವರನ್ನು ದಾನಶೂರ ಕರ್ಣ ಎಂದುಕೊಂಡರೆ ನೀವು ಕೆಟ್ಟಿರಿ! ಬೆಳಗ್ಗೆ ಹೋಟೆಲಿನ ಶಟರ್ ಎತ್ತಿದಲ್ಲಿಂದ ಇಳಿಸುವವರೆಗೆ ಅವರ ಬಾಯಿಂದ ಉದುರುತ್ತಿದ್ದದ್ದೆಲ್ಲ ‘ಆಗ್ಲಿಕ್ಕಿಲ್ಲ’, ‘ಸಾಧ್ಯವೇ ಇಲ್ಲ’, ‘ಅದೊಂದು ಕೇಳ್ಬೇಡಿ’ ಎಂಬ ಮುತ್ತುಗಳೇ. ತೊಂದರೆ ಏನೆಂದರೆ, ಬಾಯಿ ಹೀಗೆ ಖಡಾಖಂಡಿತವಾಗಿ ನಿರಾಕರಿಸುತ್ತಿರುವಾಗ ಅದರ ಮೇಲಿನ ತಲೆ ಮಾತ್ರ ಕೋಲೆಬಸವನ ಹಾಗೆ ಹೂಂ, ಹೂಂ, ಹೂಂ ಎಂದು ಆಡುತ್ತಿತ್ತು. ಕೇಳಿದವರು ಯಾವುದನ್ನು ನಂಬಬೇಕು ಹೇಳಿ? ತಮಗೆ ಅನುಕೂಲವಾದದ್ದನ್ನೇ ನಂಬುತ್ತಿದ್ದರು!

ಸೂರತ್‌ನ ಉಧ್ನಾದಲ್ಲಿ, ಸೀರೆ ನೇಯುವ ಮಗ್ಗಗಳ ಖಟಖಟದ ನಡುವೆ, ಮಾವನದ್ದೊಂದು ಉಡುಪಿ ಹೋಟೆಲು. ಕಾರ್ಕಳದಿಂದ ಮೀಸೆ ಮೂಡುವ ಮೊದಲೇ ಹೋದವರು, ಮೀಸೆ ನರೆತರೂ ಅಲ್ಲೇ ಇದ್ದಾರೆ. ಹೋಟೆಲಿನ ವಿಷಯದಲ್ಲಿ ಅವರದ್ದು ಒಂದೇ ಸಿದ್ಧಾಂತ. ದೋಸೆ ಎಂದರೆ ದೋಸೆ. ಅದರೊಳಗೆ ಆಲೂಗಡ್ಡೆಯ ಪಲ್ಯವಲ್ಲದೆ ಬೇರೇನನ್ನಾದರೂ ಇಡುವವನು ನರಕಕ್ಕೆ ಹೋಗುತ್ತಾನೆ. ಇಂಥವರ ಹೋಟೆಲಿನ ಮೆನು ಕಾರ್ಡಿನಲ್ಲಿ ಪೈನಾಪಲ್ ಚೀಸ್ ದೋಸೆ ಹೇಗೆ ಬಂತು?

ಯಾರೋ ಸೀರೆ ವ್ಯಾಪಾರಿ ಒಂದು ದಿನ ಗಲ್ಲಾದ ಮುಂದೆ ನಿಂತು, ‘ಅಣ್ಣಾ, ದೋಸೆಗೆ ಸ್ವಲ್ಪ ಪೈನಾಪಲ್, ಮೇಲೆ ಚೀಸ್ ಹಾಕಿದರೆ ಹೇಗೆ?’ ಎಂದನಂತೆ. ಗುಜರಾತಿನಲ್ಲಿ ಉಡುಪಿ ಹೋಟೆಲಿನ ಯಜಮಾನರೆಲ್ಲ ಊರಿಗೇ ಅಣ್ಣ. ಮಾವನಿಗೆ ಸಿಟ್ಟಿನಿಂದ ಮಾತೇ ಹೊರಡಲಿಲ್ಲ. ಮಾತು ಹೊರಡದಿದ್ದಾಗ ಉಳಿಯುವುದು ತಲೆ ತಾನೇ? ಅದು ನಿಧಾನವಾಗಿ, ವಿನಯದಿಂದ, ಹೂಂ ಹೂಂ ಎಂದಿತು. ವ್ಯಾಪಾರಿ ಮರುದಿನ ಬಳಗವನ್ನೆಲ್ಲ ಕಟ್ಟಿಕೊಂಡು ಬಂದ. ಕೊಟ್ಟ ಮಾತಿಗೆ ತಪ್ಪಬಾರದೆಂದು ಅಡುಗೆಭಟ್ಟರು ಮಾಡಿ ಹಾಕಿದರು. ಈಗ ಅದೇ ಹೋಟೆಲಿನ ಹೆಸರುವಾಸಿ ತಿಂಡಿ! ಮಾವ ಆ ದೋಸೆ ಮೇಜಿಗೆ ಹೋಗುವಾಗಲೆಲ್ಲ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ.

ಇನ್ನು ಅವರಿರುವ ಅಪಾರ್ಟ್‌ಮೆಂಟಿನ ಕಥೆ. ನವರಾತ್ರಿಗೆ ಮುಂಚೆ ಮೀಟಿಂಗು. ಗರ್ಬಾದ ಜವಾಬ್ದಾರಿ ಈ ವರ್ಷ ಯಾರು ಹೊರುತ್ತೀರಿ ಎಂದು ಸೆಕ್ರೆಟರಿ ಕೇಳಿದ ಕೂಡಲೇ ಸಭೆಯೆಲ್ಲ ಕಲ್ಲಾಯಿತಂತೆ. ಒಬ್ಬರ ರೆಪ್ಪೆಯೂ ಅಲುಗಲಿಲ್ಲ. ಆ ಕಲ್ಲುಗಳ ನಡುವೆ ಒಂದೇ ಒಂದು ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ! ಚಪ್ಪಾಳೆಯೋ ಚಪ್ಪಾಳೆ. ಹೆಜ್ಜೆ ಹಾಕುವುದಿರಲಿ, ತಾಳ ಹಾಕಲೂ ಬಾರದ ನನ್ನ ಮಾವ ಅಂದಿನಿಂದ ಗರ್ಬಾ ಸಮಿತಿಯ ಅಧ್ಯಕ್ಷರು. ಪ್ರತಿ ವರ್ಷ ರಾಜೀನಾಮೆ ಕೊಡಲೆಂದೇ ಮೀಟಿಂಗಿಗೆ ಹೋಗುತ್ತಾರೆ. ಪ್ರತಿ ವರ್ಷ ಅವರ ಒಪ್ಪಿಗೆಯ ಮೇರೆಗೇ ಅವಿರೋಧವಾಗಿ ಪುನರಾಯ್ಕೆಯಾಗಿ ಬರುತ್ತಾರೆ.

‘ಆ ತಲೆಯನ್ನೊಂದು ಹಿಡ್ಕೊಳ್ಳಿ ಮಾರಾಯ್ರೇ’ ಎಂದು ಅತ್ತೆ ಗದರುತ್ತಿದ್ದರು. ‘ಹಿಡ್ಕೊಂಡೇ ಇದ್ದೇನಲ್ಲ’ ಎಂದು ಮಾವ ತಲೆಯಾಡಿಸುತ್ತಿದ್ದರು. ಅಭ್ಯಾಸಬಲ ಎಂದು ಮನೆಯವರೆಲ್ಲ ಸುಮ್ಮನಿದ್ದರು. ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಹೂಂ ಅಂದು ಅಂದು ಕತ್ತಿಗೆ ರೂಢಿಯಾಗಿದೆ ಎಂಬುದು ನನ್ನ ಅಮ್ಮನ ವ್ಯಾಖ್ಯಾನ.

ಇಂಥ ಮಾವನ ಮನೆಗೆ ನಾನು ಬಂದು ಬಿದ್ದದ್ದು ಎಂಬಿಬಿಎಸ್ ಓದಲಿಕ್ಕೆ. ಊರ ಹತ್ತಿರ ಸೀಟು ಸಿಗದೆ, ದೇಶಕ್ಕೆಲ್ಲ ಸೇರಿ ಹಂಚುವ ಸೀಟಿನಲ್ಲಿ ನನ್ನ ಪಾಲಿಗೆ ಸೂರತ್‌ನ ಸರಕಾರಿ ಕಾಲೇಜೊಂದು ಬಂತು. ‘ಹಾಸ್ಟೆಲ್ ಎಂತದಕ್ಕೆ? ನಾವೇನು ಸತ್ತಿದ್ದೇವಾ?’ ಎಂದು ಮಾವ ಫೋನಿನಲ್ಲೇ ಗುಡುಗಿದರು. ಮಕ್ಕಳಿಲ್ಲದ ಮನೆ. ನಾನು ಸೂಟ್‌ಕೇಸ್ ಇಳಿಸುವಷ್ಟರಲ್ಲಿ ಅತ್ತೆ ನನಗೊಂದು ಕೋಣೆಯನ್ನೂ, ಮಾವ ನನಗೊಂದು ದಿನಚರಿಯನ್ನೂ ಸಿದ್ಧಮಾಡಿಟ್ಟಿದ್ದರು.

ಮೆಡಿಕಲ್ ಓದುವವರ ಮನೆಯಲ್ಲಿ ‘ಇವತ್ತು ಏನು ಕಲಿತೆ?’ ಎಂದು ಕೇಳುತ್ತಾರಂತೆ. ನನ್ನ ಮಾವ ಸಂಜೆ ಕೇಳುತ್ತಿದ್ದದ್ದು, ‘ಇವತ್ತು ಯಾರು ಬೈದರು?’ ಎಂದು. ಬೈಸಿಕೊಂಡಿದ್ದರೆ ತುಪ್ಪದ ಮಸಾಲೆ ದೋಸೆ. ಬೈಸಿಕೊಳ್ಳದಿದ್ದರೆ ಸಪ್ಪೆ ಇಡ್ಲಿ. ‘ಬೈಸಿಕೊಳ್ಳದವಳಿಗೆ ಎಂತದಕ್ಕೆ ಸಮಾಧಾನ?’ ಎಂಬುದು ಅವರ ನ್ಯಾಯ. ಮೊದಲ ವರ್ಷ ನನಗೆ ಇಡ್ಲಿಯ ರುಚಿಯೇ ಮರೆತುಹೋಗಿತ್ತು ಎಂದರೆ ನನ್ನ ವಿದ್ಯಾಭ್ಯಾಸ ಹೇಗೆ ಸಾಗಿತ್ತೆಂದು ನೀವೇ ಊಹಿಸಿಕೊಳ್ಳಿ. ಹೆಣ ಕೊಯ್ಯುವ ಹಾಲ್‌ನ ಫಾರ್ಮಲಿನ್ ವಾಸನೆ ಮೂಗಿಗೆ ಅಂಟಿಕೊಂಡು, ಎಷ್ಟು ಸೋಪು ತಿಕ್ಕಿದರೂ ಹೋಗದೆ, ಕೊತ್ತಂಬರಿ ಚಟ್ನಿಯೂ ಅದೇ ವಾಸನೆ ಬರುತ್ತಿದ್ದ ದಿನಗಳವು. ಬಾಯಿಪರೀಕ್ಷೆಗೆ ಹೋದರೆ ನನ್ನ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಮರೆಯುತ್ತಿತ್ತು.

ಓದಲಿಕ್ಕೆಂದು ಸೀನಿಯರ್ ಒಬ್ಬಳಿಂದ ಮನುಷ್ಯರ ಎಲುಬುಗಳ ಸೆಟ್ ತಂದಿದ್ದೆ. ಅತ್ತೆ ಕಂಡರೆ ಕಥೆ ಮುಗಿಯಿತೆಂದು ಒಂದು ಹಳೆಯ ಹಪ್ಪಳದ ಡಬ್ಬಿಯಲ್ಲಿ ಕೈಯ ಎಲುಬುಗಳನ್ನು ಬಚ್ಚಿಟ್ಟೆ. ಬುದ್ಧಿವಂತಿಕೆ ನೋಡಿ! ಹಪ್ಪಳದ ಡಬ್ಬಿಯನ್ನು ಹಪ್ಪಳಕ್ಕಾಗಿ ಯಾರೂ ತೆರೆಯುವುದಿಲ್ಲ ಎಂದುಕೊಂಡಿದ್ದೆನೋ ಏನೋ. ಭಾನುವಾರ ಮಧ್ಯಾಹ್ನ ಅತ್ತೆ ಹಾಕಿದ ಕೂಗಿಗೆ ಉಧ್ನಾದ ಮಗ್ಗಗಳೂ ಒಂದು ಕ್ಷಣ ನಿಂತವು. ಮಾವ ಓಡಿಬಂದರು. ಡಬ್ಬಿಯೊಳಗೆ ಇಣುಕಿದರು. ನಾನು ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದೆ.

‘ಇವರ ಹೆಸರೆಂತದು?’ ಎಂದರು ಮಾವ.

‘ಯಾರದ್ದು?’

‘ಇವರದ್ದು ಮಾರಾಯ್ತಿ! ಮನೆಗೆ ಬಂದವರ ಹೆಸರು ಕೇಳುವ ಕ್ರಮ ಇಲ್ವಾ?’

ಗೊತ್ತಿಲ್ಲ ಎಂದೆ. ಅವರಿಗೆ ಬೇಸರವಾಯಿತು. ‘ಯಾರೋ ಪುಣ್ಯಾತ್ಮರು. ನಮ್ಮ ಹುಡುಗಿಗೆ ಪಾಠ ಹೇಳ್ಲಿಕ್ಕೆ ಬಂದಿದ್ದಾರೆ. ಅವರನ್ನು ಹಪ್ಪಳದ ಡಬ್ಬಿಯಲ್ಲಿ ಕೂರಿಸುವುದಾ?’ ಎಂದು ಬೈದು, ಹೋಟೆಲಿನಿಂದ ಒಂದು ಹೊಸ ಸ್ಟೀಲ್ ಪಾತ್ರೆ ತರಿಸಿ, ಒಳಗೆ ಬಿಳಿ ಬಟ್ಟೆ ಹಾಸಿ, ಎಲುಬುಗಳನ್ನು ನನ್ನ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಅಂದಿನಿಂದ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಒಂದು ಕಡ್ಡಿ ನನ್ನ ಕೋಣೆಗೂ ಬರತೊಡಗಿತು. ಪರೀಕ್ಷೆಯ ದಿನವಂತೂ, ‘ಮೇಷ್ಟ್ರಿಗೆ ನಮಸ್ಕಾರ ಮಾಡಿ ಹೋಗು’ ಎಂದು ಆ ಪಾತ್ರೆಯ ಮುಂದೆ ನನ್ನನ್ನು ಬಗ್ಗಿಸುತ್ತಿದ್ದರು. ಅಂಗರಚನಾಶಾಸ್ತ್ರದಲ್ಲಿ ನಾನು ತೇರ್ಗಡೆಯಾದದ್ದು ಆ ಮೇಷ್ಟ್ರ ಕೃಪೆಯೇ ಇರಬೇಕು.

ಆಮೇಲೆ ವಾರ್ಡಿಗೆ ಹೋಗುವ ಕಾಲ ಬಂತು. ರೋಗಿಯ ಮಂಚದ ಪಕ್ಕ ನಿಂತು ಅವರ ಕಷ್ಟವನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕು. ಅದಕ್ಕೆ ಗುಜರಾತಿ ಬೇಕು. ನನ್ನ ಗುಜರಾತಿ ಗುರುಗಳು ಯಾರು? ಮಾವ! ಅವರ ಗುಜರಾತಿ ನಿರರ್ಗಳ, ಆದರೆ ಎಲ್ಲವೂ ಹೋಟೆಲಿನೊಳಗೆ ಬೆಳೆದದ್ದು. ಬನ್ನಿ, ಕೂತ್ಕೊಳ್ಳಿ, ಬಿಸಿ ಉಂಟು, ಖಾರ ಕಡಿಮೆ ಮಾಡ್ಲಾ, ಇಷ್ಟೇ ಅವರ ಶಬ್ದಕೋಶ. ನಾನು ಭಕ್ತಿಯಿಂದ ಬಾಯಿಪಾಠ ಮಾಡಿದೆ.

ನನ್ನ ಮೊಟ್ಟಮೊದಲ ರೋಗಿ ಹೊಟ್ಟೆನೋವಿನ ಒಬ್ಬ ಅಜ್ಜಿ. ಎಲ್ಲಿ ನೋವು, ಯಾವಾಗಿನಿಂದ ಎಂದೆಲ್ಲ ಹೇಗೋ ಕೇಳಿದೆ. ಅಜ್ಜಿ ನೋವು, ವಾಂತಿ, ಉರಿ ಎಲ್ಲ ಹೇಳಿದರು. ಬೇರೇನಾದರೂ ತೊಂದರೆ ಇದೆಯೇ ಎಂದು ಕೇಳಬೇಕು. ಬಾಯಿಂದ ಬಂದದ್ದು ಮಾತ್ರ ಮಾವ ದಿನಕ್ಕೆ ನೂರು ಸಲ ಹೇಳುವ ಮಾತು: ‘ಬೀಜು ಶು ಆಪು?’ ಅಂದರೆ, ಇನ್ನೇನು ಕೊಡಲಿ!

ಅಜ್ಜಿ ಎರಡೂ ಕೈ ಮುಗಿದುಬಿಟ್ಟರು. ‘ಬೇಡ ಬೇಟಾ, ಕೊಟ್ಟಿರುವುದೇ ಸಾಕಾಗಿದೆ!’

ವಾರ್ಡಿಗೆ ವಾರ್ಡೇ ನಕ್ಕಿತು. ನನ್ನ ಜೊತೆಯ ಹೇತಲ್, ವರಾಛಾದ ವಜ್ರ ಹೊಳಪು ಮಾಡುವವರ ಮಗಳು, ನಕ್ಕು ನಕ್ಕು ಗೋಡೆಗೆ ಒರಗಿದಳು. ಆ ಸಂಜೆ ನನಗೆ ಎರಡು ಮಸಾಲೆ ದೋಸೆ ಸಿಕ್ಕಿತು. ‘ಅಜ್ಜಿ ಪಾರ್ಸಲ್ ಕೇಳಲಿಲ್ವಲ್ಲ, ಬದುಕಿದೆ’ ಎಂದು ಮಾವ ತಾವೇ ತಂದು ಬಡಿಸಿದರು.

ಹೀಗೆ ಬಿದ್ದು ಎದ್ದು ಸಾಗುತ್ತಿದ್ದಾಗ ಒಂದು ದಿನ ಮೆಡಿಸಿನ್ ಪ್ರೊಫೆಸರರ ಪಾಠ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬಾಯಲ್ಲೊಂದು ವಾಲ್ವ್ ಇರುತ್ತದೆ, ಅದು ಸರಿಯಾಗಿ ಮುಚ್ಚದಿದ್ದರೆ ಹೊರಗೆ ತಳ್ಳಿದ ರಕ್ತ ಪುನಃ ಒಳಗೇ ಬೀಳುತ್ತದೆ, ಹಾಗಾಗಿ ಹೃದಯ ಪ್ರತಿ ಸಲವೂ ದುಪ್ಪಟ್ಟು ಜೋರಿನಿಂದ ತಳ್ಳಬೇಕಾಗುತ್ತದೆ ಎಂದು ಅವರು ವಿವರಿಸುತ್ತಿದ್ದರು. ಊಟದ ನಂತರದ ಕ್ಲಾಸು. ಅರ್ಧ ಜನ ನಿದ್ದೆಯಲ್ಲಿದ್ದೆವು. ‘ಆ ಜೋರಿಗೆ ಉಗುರಿನ ಕೆಂಪು ಬಂದು ಬಂದು ಹೋಗುತ್ತದೆ. ಕುತ್ತಿಗೆಯ ನಾಡಿ ಕುಣಿಯುತ್ತದೆ. ಕೆಲವರಲ್ಲಿ ಪ್ರತಿ ಬಡಿತಕ್ಕೂ ತಲೆಯೇ ಸಣ್ಣಗೆ ಆಡುತ್ತದೆ. ಎಲ್ಲದಕ್ಕೂ ಒಪ್ಪಿದವರ ಹಾಗೆ!’

ನನ್ನ ನಿದ್ದೆ ಹಾರಿಹೋಯಿತು. ಬಸ್ಸು ಹಿಡಿದು ನೇರ ಹೋಟೆಲಿಗೆ ಬಂದೆ. ಮಾವ ಗಲ್ಲಾದಲ್ಲಿ ಕೂತು ಯಾರಿಗೋ ‘ಸಾಧ್ಯವೇ ಇಲ್ಲ’ ಎನ್ನುತ್ತಾ ತಲೆಯಾಡಿಸುತ್ತಿದ್ದರು. ಅವರ ಕೈ ಎಳೆದು ಉಗುರಿನ ತುದಿಯನ್ನು ಮೆಲ್ಲಗೆ ಒತ್ತಿದೆ. ಕೆಂಪು ಬಂತು, ಹೋಯಿತು. ಬಂತು, ಹೋಯಿತು. ಪುಸ್ತಕದಲ್ಲಿ ಬರೆದ ಹಾಗೆಯೇ! ಹೊಸತಾಗಿ ಕಲಿತದ್ದು ಕಣ್ಣೆದುರು ಕಂಡಾಗ ವಿದ್ಯಾರ್ಥಿಗೆ ಆಗುವ ಸಂತೋಷ ಎಂಥದ್ದೆಂದು ಹೇಳಲಾರೆ. ಆ ಸಂತೋಷ ಬಂದ ಹಿಂದೆಯೇ ಇದು ನನ್ನ ಮಾವನ ಉಗುರು ಎಂಬುದೂ ತಲೆಗೆ ಇಳಿಯಿತು.

‘ಎಂತದು? ಉಗುರಲ್ಲಿ ಭವಿಷ್ಯ ಕಾಣ್ತದಾ?’ ಎಂದರು ಮಾವ.

ಪ್ರೊಫೆಸರರ ಬಳಿಗೆ ಎಳೆದುಕೊಂಡು ಹೋದೆ. ಸ್ಕ್ಯಾನ್ ಮಾಡಿಸಿದ್ದಾಯಿತು. ಅಭ್ಯಾಸಬಲವೂ ಅಲ್ಲ, ವಿನಯವೂ ಅಲ್ಲ. ವಾಲ್ವ್ ಚೆನ್ನಾಗಿಯೇ ಸೋರುತ್ತಿತ್ತು. ಹೃದಯ ಹಿಗ್ಗತೊಡಗಿತ್ತು. ಇಷ್ಟು ವರ್ಷ ಅದು ಹೇಗೋ ಸಂಭಾಳಿಸಿಕೊಂಡು ಬಂದಿದೆ, ಇನ್ನು ಕಾಯುವುದು ಬೇಡ, ಅಹಮದಾಬಾದಿಗೆ ಹೋಗಿ ವಾಲ್ವ್ ಬದಲಾಯಿಸಿಕೊಳ್ಳಿ, ಅಲ್ಲಿ ನನ್ನ ಪರಿಚಯದ ಸರ್ಜನ್ ಇದ್ದಾರೆ ಎಂದರು ಪ್ರೊಫೆಸರ್.

ಮಾವನ ತಲೆ ತಕ್ಷಣ ಒಪ್ಪಿತು. ಬಾಯಿ, ‘ಆಗ್ಲಿಕ್ಕಿಲ್ಲ ಸಾಹೇಬ್’ ಎಂದಿತು.

‘ಯಾಕೆ ಅಣ್ಣಾ?’

‘ಓಡುವ ಗ್ರೈಂಡರನ್ನು ಬಿಚ್ಚಬಾರದು. ಇದು ನಮ್ಮ ಹೋಟೆಲಿನವರ ನಿಯಮ. ಬಿಚ್ಚಿದರೆ ಮತ್ತೆ ಓಡುವುದಿಲ್ಲ.’

‘ಹೋಟೆಲಲ್ಲಿ ಗ್ಯಾಸ್ ವಾಲ್ವ್ ಸೋರಿದರೆ ಏನು ಮಾಡುತ್ತೀರಿ?’

‘ಕೂಡಲೇ ಬದಲಿಸ್ತೇನೆ.’

‘ಮತ್ತೆ ಇದು?’

‘ಇದರಲ್ಲಿ ಗ್ಯಾಸ್ ಇಲ್ವಲ್ಲ ಸಾಹೇಬ್!’

ಪ್ರೊಫೆಸರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮಾತ್ರೆ ಬರೆದುಕೊಟ್ಟು, ಮನಸ್ಸು ಬದಲಾದರೆ ಹೇಳಿ ಎಂದು ಕಳಿಸಿದರು. ಮನೆಯಲ್ಲಿ ಅತ್ತೆ ಅತ್ತರು, ಅಮ್ಮ ಊರಿಂದ ಫೋನಿನಲ್ಲೇ ದೇವರ ಮೇಲೆ ಆಣೆ ಹಾಕಿದರು, ನಾನು ಚಿತ್ರ ಬರೆದು ತೋರಿಸಿದೆ. ಎಲ್ಲದಕ್ಕೂ ತಲೆ ಹೂಂ, ಬಾಯಿ ಊಹೂಂ. ಬೆಟ್ಟವನ್ನಾದರೂ ಜರುಗಿಸಬಹುದು, ನಿಮ್ಮ ಕಡೆಗೆ ತಲೆಯಾಡಿಸುತ್ತಾ ಕೂತಿರುವ ಮನುಷ್ಯನನ್ನು ಒಪ್ಪಿಸುವುದು ಹೇಗೆ?

ಇಷ್ಟರಲ್ಲಿ ಇನ್ನೊಂದು ಅನಾಹುತವಾಯಿತು. ಮಾವ ಪ್ರಸಿದ್ಧರಾದರು!

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಪ್ರಾಯೋಗಿಕ ಪರೀಕ್ಷೆಗಳಿಗೆ ನಿಜವಾದ ರೋಗಿಗಳು ಬೇಕು. ಮಂಚದ ಮೇಲೆ ಅವರು, ಪಕ್ಕದಲ್ಲಿ ನಾವು, ಎದುರಿಗೆ ಪರೀಕ್ಷಕರು. ಅಂಥ ರೋಗಿಗೆ ನಮ್ಮ ಭಾಷೆಯಲ್ಲಿ ‘ಕೇಸ್’ ಎನ್ನುತ್ತೇವೆ. ಲಕ್ಷಣಗಳೆಲ್ಲ ಸ್ಪಷ್ಟವಾಗಿ ಕಾಣುವ, ಓಡಾಡಿಕೊಂಡಿರುವ, ಕರೆದರೆ ಬೇಸರಿಸದೆ ಬರುವ ಕೇಸ್ ಸಿಕ್ಕಿದರೆ ಯಾವ ಕಾಲೇಜೂ ಬಿಡುವುದಿಲ್ಲ. ಮಾವನಲ್ಲಿ ಪುಸ್ತಕದ ಲಕ್ಷಣಗಳೆಲ್ಲ ಪಂಕ್ತಿಯಲ್ಲಿ ಕೂತಿದ್ದವು. ಪ್ರೊಫೆಸರ್ ಒಮ್ಮೆ ಪಾಠಕ್ಕೆಂದು ಕರೆದರು. ಹೋಗಿ ಬಂದ ಮಾವನ ನಡಿಗೆಯೇ ಬದಲಾಯಿತು. ‘ಅಷ್ಟು ದೊಡ್ಡ ಪ್ರೊಫೆಸರ್, ನನ್ನ ಎದೆ ಮುಟ್ಟಿ ಬ್ಯೂಟಿಫುಲ್ ಅಂದರು. ನಿನ್ನ ಅತ್ತೆ ಇಷ್ಟು ವರ್ಷದಲ್ಲಿ ಒಂದು ದಿನ ಹೇಳಿದ್ದುಂಟಾ?’

ಅಲ್ಲಿಂದ ಶುರು. ವಾರ್ಡಿನ ಪಾಠಕ್ಕೆ ಕರೆ ಬಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪೌಡರು, ಸೆಂಟು. ಸಾಲದ್ದಕ್ಕೆ ಪರೀಕ್ಷೆ ಹತ್ತಿರ ಬಂದಾಗ ಹುಡುಗ ಹುಡುಗಿಯರು ಹೋಟೆಲಿಗೇ ಬರತೊಡಗಿದರು. ‘ಅಣ್ಣಾ, ಸ್ವಲ್ಪ ಎದೆ ಕೇಳಬಹುದಾ?’ ಮಾವ ಗಲ್ಲಾ ಅತ್ತೆಗೆ ಒಪ್ಪಿಸಿ ಒಳಗಿನ ಕೋಣೆಯಲ್ಲಿ ದರ್ಬಾರು ನಡೆಸುತ್ತಿದ್ದರು. ತಣ್ಣಗಿನ ಕೈಯವರಿಗೆ ಪ್ರವೇಶವಿಲ್ಲ. ಮೊದಲು ಕಾಫಿ ಲೋಟ ಹಿಡಿದು ಕೈ ಬಿಸಿ ಮಾಡಿಕೊಳ್ಳಬೇಕು. ಸ್ಟೆತಸ್ಕೋಪಿನ ಬಿಲ್ಲೆಯನ್ನು ಇಡ್ಲಿ ಪಾತ್ರೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಬೇಕು. ಯಾರಾದರೂ ಅವಸರದಲ್ಲಿ ನಾಡಿ ಹಿಡಿದರೆ, ‘ನೀನು ಡಾಕ್ಟ್ರಾ, ಕಂಡಕ್ಟ್ರಾ? ಕೈ ಹಿಡಿದ ಮೇಲೆ ಮುಖ ನೋಡ್ಬೇಕು’ ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಹೇಳಿಕೊಡುವ ಚಾಳಿ ಬೇರೆ. ಪ್ರಾಧ್ಯಾಪಕರ ಎದುರು ಯಾರಾದರೂ ತಡವರಿಸಿದರೆ ಮಂಚದ ಮೇಲಿದ್ದ ಕೇಸ್ ಸುಮ್ಮನಿರಬೇಕೋ ಬೇಡವೋ? ಮಾವ ಮೆಲ್ಲಗೆ ಬೆರಳುಗಳನ್ನು ಮುಂದೆ ಚಾಚಿ ಉಗುರು ತೋರಿಸುವರು. ಕುತ್ತಿಗೆ ತುರಿಸಿಕೊಳ್ಳುವರು. ಅದೂ ಸಾಲದಿದ್ದರೆ ಕೆಮ್ಮಿನ ನಡುವೆ ಒಂದು ಶಬ್ದ ಉಸುರುವರು. ಮಾವನ ಇಂಗ್ಲಿಷು ಮೆನು ಕಾರ್ಡಿನಾಚೆ ಹೋದದ್ದಲ್ಲ. ಆದರೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಕ್ರಮದಲ್ಲಿ ಕೇಳಿ ಕೇಳಿ ಗಿಣಿಪಾಠವಾಗಿಬಿಟ್ಟಿತ್ತು. ಜೋರಾಗಿ ಏರಿ ಥಟ್ಟನೆ ಕುಸಿಯುವ ನಾಡಿಯ ಹೆಸರಾದ ‘ಕೊಲ್ಯಾಪ್ಸಿಂಗ್ ಪಲ್ಸ್’ ಎಂಬುದನ್ನು ಅವರು ‘ಮಸಾಲೆ ದೋಸೆ’ ಎಂಬಷ್ಟೇ ಸಲೀಸಾಗಿ ಹೇಳುತ್ತಿದ್ದರು. ‘ಅಣ್ಣಾ, ನಿಮಗೇ ಡಿಗ್ರಿ ಕೊಟ್ಟುಬಿಡಲೇ?’ ಎಂದು ಪ್ರೊಫೆಸರ್ ಗದರಿಸಿದರೆ ತಲೆಯಾಡಿಸಿ ಒಪ್ಪಿಗೆ ಕೊಟ್ಟರು.

ಹೀಗಿರುವಾಗ ಆಪರೇಷನ್ ಮಾತೆತ್ತುವುದು ಇನ್ನೂ ಕಷ್ಟವಾಯಿತು. ‘ನನ್ನಿಂದ ಎಷ್ಟು ಮಕ್ಕಳು ಪಾಸಾಗ್ತಿದ್ದಾರೆ! ವಾಲ್ವ್ ರಿಪೇರಿ ಮಾಡಿದರೆ ಅವರೆಲ್ಲ ಎಲ್ಲಿಗೆ ಹೋಗ್ಬೇಕು?’ ಎಂಬ ಹೊಸ ತಕರಾರು. ಅತ್ತ ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತು ಗೋಡೆಯ ಬಣ್ಣ ನೋಡುವ ಹೊಸ ಅಭ್ಯಾಸವೂ ಶುರುವಾಗಿತ್ತು. ಬಣ್ಣ ನೋಡುವುದಲ್ಲ, ಉಸಿರು ಹುಡುಕುವುದು ಎಂದು ನನಗೆ ಗೊತ್ತಿತ್ತು. ಹೇಳಿದರೆ, ‘ಬಣ್ಣ ಎಷ್ಟು ಹೋಗಿದೆ ನೋಡು, ಸೆಕ್ರೆಟರಿಗೆ ಹೇಳ್ಬೇಕು’ ಎನ್ನುತ್ತಿದ್ದರು. ನನಗೆ ಪುಸ್ತಕ ತೆರೆದರೆ ಆ ಪುಟವೇ ಕಾಣುತ್ತಿತ್ತು. ಕೊನೆಗೆ ಆ ಪುಟವನ್ನು ಓದುವುದನ್ನೇ ಬಿಟ್ಟೆ. ಓದದೆಯೂ ಬಾಯಿಪಾಠವಾಗಿತ್ತು.

ಕೊನೆಯ ವರ್ಷದ ಪರೀಕ್ಷೆಗೆ ಮುಂಚೆ ಕಾಲೇಜಿನಲ್ಲೊಂದು ಪೂರ್ವಸಿದ್ಧತಾ ಪರೀಕ್ಷೆ ಇರುತ್ತದೆ. ವಡೋದರಾದಿಂದ ಒಬ್ಬ ಮೇಡಂ ಪರೀಕ್ಷಕರಾಗಿ ಬಂದಿದ್ದರು. ಕೇಸ್ ಯಾರಿಗೆ ಯಾವುದು ಎಂದು ಚೀಟಿ ಎತ್ತುವುದು. ಹೇತಲ್‌ಗೆ ಲಿವರು ಬಂತು. ನನ್ನ ಚೀಟಿಯಲ್ಲಿದ್ದ ಮಂಚದತ್ತ ಹೋಗಿ ನೋಡುತ್ತೇನೆ, ಇಸ್ತ್ರಿ ಅಂಗಿ, ಪೌಡರು, ಸೆಂಟು!

ನಮ್ಮ ಪ್ರೊಫೆಸರ್ ಅಂದು ಬೇರೆ ಕೋಣೆಯಲ್ಲಿದ್ದರು. ಇವರು ನನ್ನ ಮಾವ ಎಂದು ಮೇಡಂಗೆ ಹೇಳೋಣವೆಂದು ಬಾಯಿ ತೆರೆದೆ. ಮಾವ ಕಣ್ಣು ಕೆಂಪಗೆ ಮಾಡಿದರು. ಇಂಥ ಅದೃಷ್ಟವನ್ನು ಕಾಲಿಂದ ಒದೆಯುತ್ತೀಯಾ ಎಂದು ಆ ಕಣ್ಣು ಕೇಳುತ್ತಿತ್ತು. ಸರಿ, ಅಪರಿಚಿತರ ಹಾಗೆ ಶುರುಮಾಡಿದೆವು.

‘ನಿಮ್ಮ ಹೆಸರು ಕಾಕಾ?’ ಎಂದು ಗುಜರಾತಿಯಲ್ಲಿ ಕೇಳಿದೆ. ಗಂಭೀರವಾಗಿ ಹೇಳಿದರು.

‘ಕೆಲಸ?’

‘ಹೋಟೆಲು ಬೇನ್. ಉಧ್ನಾದಲ್ಲಿ. ದೋಸೆ ಚೆನ್ನಾಗಿರ್ತದೆ, ಒಮ್ಮೆ ಬನ್ನಿ.’

‘ಮನೆಯಲ್ಲಿ ಯಾರಾದರೂ ಈ ಕಾಯಿಲೆಯವರು ಇದ್ದಾರಾ?’

‘ಇಲ್ಲ. ಒಬ್ಬಳು ಸೊಸೆ ಇದ್ದಾಳೆ, ತಂಗಿಯ ಮಗಳು. ಭಾರೀ ಬುದ್ಧಿವಂತೆ. ಅವಳ ತಲೆಗೆ ಯಾವ ಕಾಯಿಲೆಯೂ ಇಲ್ಲ.’

ನಗು ತಡೆಯಲು ನಾಲಿಗೆ ಕಚ್ಚಿಕೊಂಡು ನಾಡಿ ಹಿಡಿದೆ, ಉಗುರು ನೋಡಿದೆ, ಎದೆ ಕೇಳಿದೆ. ಮೇಡಂ ಬಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಕಂಡುಕೊಂಡದ್ದನ್ನೆಲ್ಲ ಒಪ್ಪಿಸಿದೆ. ಎಲ್ಲಿಯೂ ನಿಲ್ಲಲಿಲ್ಲ. ಬೈಸಿಕೊಂಡು ತಿಂದ ದೋಸೆಗಳೆಲ್ಲ ಸಾರ್ಥಕವಾಗುವ ಹಾಗೆ ಒಪ್ಪಿಸಿದೆ. ಮೇಡಂ ಮುಖ ಅರಳಿತು. ಮಾವನ ಮುಖ ಅದಕ್ಕಿಂತ ಅರಳಿತು. ಮೇಡಂ ಹೊಸ ವಾಲ್ವ್‌ಗಳ ವಿಷಯ ಕೇಳಿದರು, ಹೇಳಿದೆ. ಆಪರೇಷನ್ ಯಾವಾಗ ಮಾಡಬೇಕು, ಹೇಳಿದೆ.

‘ವೆರಿ ಗುಡ್. ಕೊನೆಯ ಪ್ರಶ್ನೆ. ಇವರು ಆಪರೇಷನ್ ಬೇಡ ಎಂದು ಹೀಗೆಯೇ ಇದ್ದುಬಿಟ್ಟರೆ ಏನಾಗುತ್ತದೆ?’

ಮೊದಲ ವರ್ಷದ ಮಕ್ಕಳೂ ಹೇಳುವ ಉತ್ತರ. ನಾನು ಮೇಡಂ ಮುಖ ನೋಡಿದೆ. ಮಂಚದ ಮೇಲಿನ ಬಿಳಿ ಅಂಗಿಯ ಗುಂಡಿಗಳನ್ನು ನೋಡಿದೆ. ಎದೆ ಕೇಳಲೆಂದು ನಾನೇ ಬಿಚ್ಚಿದ್ದ ಗುಂಡಿಗಳು. ಬಾಯಿ ತೆರೆದೆ, ಗಂಟಲಿನಿಂದ ಏನೂ ಬರಲಿಲ್ಲ.

‘ಹೇಳಿ. ನಿಮಗೆ ಗೊತ್ತಿರಲೇಬೇಕು.’

ಬರಲಿಲ್ಲ. ಮೇಡಂ ಕೈಗಡಿಯಾರ ನೋಡಿದರು. ಆಗ ಮಾವ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ನಾನು ನೋಡದಿದ್ದಾಗ ಮುಂದಕ್ಕೆ ಬಗ್ಗಿ, ಪರೀಕ್ಷೆಯಲ್ಲಿ ಪಕ್ಕದವರಿಗೆ ಹೇಳಿಕೊಡುವ ಹಾಗೆ, ಕನ್ನಡದಲ್ಲಿ ಪಿಸುಗುಟ್ಟಿದರು.

‘ಹಾರ್ಟ್ ಫೇಲ್ಯೂರ್ ಅನ್ನು ಮಗಾ. ಮತ್ತೆ ಸಡನ್ ಡೆತ್. ಸಡನ್ ಡೆತ್ ಅಂತ ಹೇಳು, ಬೇಗ ಹೇಳು!’

ನಾನು ಸ್ಟೆತಸ್ಕೋಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮೇಡಂ ಎದುರಿನಲ್ಲಿ, ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ. ಅವರಿಗೆ ಅದು ಗಿಣಿಪಾಠ, ಅರ್ಥ ಗೊತ್ತಿಲ್ಲ ಎಂದು ಇಷ್ಟು ತಿಂಗಳು ನಂಬಿಕೊಂಡಿದ್ದೆ. ಸಾವಿನ ಇಂಗ್ಲಿಷ್ ಯಾರಿಗೆ ಗೊತ್ತಿಲ್ಲ? ನಾನು ಉತ್ತರ ಮರೆತೆನೆಂದುಕೊಂಡು, ನಾನು ಫೇಲಾಗಬಾರದೆಂದು, ಅವರು ತಮ್ಮ ಸಾವನ್ನೇ ನನಗೆ ಹೇಳಿಕೊಡುತ್ತಿದ್ದರು. ಮೇಡಂಗೆ ಏನು ಅರ್ಥವಾಯಿತೋ, ನೀರು ಕುಡಿದು ಬಾ ಎಂದು ಮೆತ್ತಗೆ ಹೇಳಿ ಎದ್ದುಹೋದರು.

ಹೊರಗಿನ ಬೆಂಚಿನ ಮೇಲೆ ಮಾವ ಬಂದು ಪಕ್ಕದಲ್ಲಿ ಕೂತರು.

‘ಉತ್ತರ ಗೊತ್ತಿರ್ಲಿಲ್ವಾ?’

‘ಗೊತ್ತಿತ್ತು ಮಾವ.’

‘ಮತ್ತೆಂತದಕ್ಕೆ ಹೇಳ್ಲಿಲ್ಲ?’

‘ನೀವು ಎದುರಿಗಿದ್ದಿರಿ. ಹೇಳ್ಲಿಕ್ಕೆ ಆಗ್ಲಿಲ್ಲ.’

ಅವರು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

‘ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ ಮಗಾ. ಎಲ್ಲರೂ ಪಟಪಟ ಹೇಳಿ, ಥ್ಯಾಂಕ್ಯೂ ಅಣ್ಣಾ ಅಂತ ಹೋಗ್ತಿದ್ದರು. ಅಷ್ಟು ಸಲೀಸಾಗಿ ಹೇಳ್ತಾರೆ ಅಂದ ಮೇಲೆ ದೊಡ್ಡ ಸಂಗತಿ ಅಲ್ಲ ಅಂತ ಮಾಡಿದ್ದೆ. ನಿನ್ನ ಗಂಟಲು ಕಟ್ಟಿತು ನೋಡು, ಆಗ ಹೆದರಿಕೆ ಆಯ್ತು.’ ಎದ್ದು ನಿಂತರು. ‘ಆ ಅಹಮದಾಬಾದಿನ ಡಾಕ್ಟ್ರಿಗೆ ಫೋನ್ ಮಾಡು. ಅತ್ತೆಗೆ ನಾನೇ ಹೇಳ್ತೇನೆ.’

ಅಹಮದಾಬಾದಿನ ಆಸ್ಪತ್ರೆಯ ಹೊರಗೆ ಅತ್ತೆಯೂ ನಾನೂ ಕೂತಿದ್ದೆವು. ಸರ್ಜನ್ ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು, ನೀವು ಮೆಡಿಕಲ್ ವಿದ್ಯಾರ್ಥಿನಿಯಂತೆ, ಏನಾದರೂ ಕೇಳುವುದಿದೆಯೇ ಎಂದರು. ನಾಲ್ಕು ವರ್ಷ ಓದಿದ್ದರಲ್ಲಿ ಒಂದು ಪ್ರಶ್ನೆಯೂ ನೆನಪಾಗಲಿಲ್ಲ. ಅತ್ತೆಯನ್ನು ತಬ್ಬಿಕೊಂಡೆ.

ಮರುದಿನ ಒಳಗೆ ಬಿಟ್ಟರು. ಮೈತುಂಬ ನಳಿಗೆಗಳು. ಮಾವ ಕಣ್ಣು ತೆರೆದು ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ತುಟಿ ಅಲುಗಿತು. ನೀರು ಬೇಕೇನೋ ಎಂದು ಕಿವಿಯನ್ನು ಹತ್ತಿರ ಒಯ್ದೆ.

‘ಆ ಮೇಡಂ ಪಾಸು ಮಾಡಿದರಾ?’

‘ಮಾಡಿದರು ಮಾವ. ನಮ್ಮಿಬ್ಬರನ್ನೂ.’